ತೋಳಿನ ಹಿಂಬದಿ

ಬಸ್ಸು ತಿರುಗಿ ಮರೆಯಾಯಿತು, ಕೈ ಇಳಿಸಿದೆ.
ತೋಳು ಮಾತ್ರ ಇನ್ನೂ ಸ್ವಲ್ಪ ಹೊತ್ತು
ಟಾಟಾ ಮಾಡುತ್ತಲೇ ಇತ್ತು.
ಗೋಣಿಕೊಪ್ಪದ ಸ್ಟ್ಯಾಂಡಿನಲ್ಲಿ ಯಾರೂ ನೋಡಲಿಲ್ಲ.
ನಾನು ನೋಡಿದೆ.

ಅದೇ ವಾರ ಬೀಪಾತು ಟೈಲರ್
ನನ್ನ ಕೆಂಪು ರೇಷ್ಮೆ ರವಿಕೆಯ ತೋಳನ್ನು ಒಳಮಗುಚಿ
ಬೆಳಕಿಗೆ ಹಿಡಿದಳು.
ಇಪ್ಪತ್ತೆರಡು ವರ್ಷದಲ್ಲಿ ಮೂರು ಸಲ ಬಿಚ್ಚಿದ ಹೊಲಿಗೆ,
ಮೂರು ಸಾಲು ಸೂಜಿಯ ತೂತು.
"ಒಳಗೆ ಇನ್ನು ಬಟ್ಟೆ ಇಲ್ಲ ಚೋಂದಕ್ಕ,
ಇನ್ನು ಕೈಯೇ ಒಳಗೆ ಹೋಗಬೇಕು."
ಗುಂಡುಸೂಜಿ ಕಚ್ಚಿಕೊಂಡೇ ನಕ್ಕಳು.

ಸೊಸೈಟಿಯಲ್ಲಿ ನಾನು ತೂಕ ಬರೆಯುವವಳು.
ಕರಿಮೆಣಸು, ಚೆರಿ ಕಾಫಿ, ಗೊಬ್ಬರದ ಚೀಲ,
ಗ್ರಾಮಿಗೆ ಗ್ರಾಮು ಲೆಕ್ಕ.
ನನ್ನ ತೋಳಿನದನ್ನು ಮಾತ್ರ
ಯಾವ ಲೆಡ್ಜರಿಗೂ ಏರಿಸದೆ ಬಿಟ್ಟಿದ್ದೆ.

ರಿಟೈರಾದ ಪಿ.ಟಿ. ಟೀಚರ್ ದಮಯಂತಿ
ಯೂರಿಯಾಕ್ಕೆ ಬಂದವರು ನನ್ನ ರಟ್ಟೆ ಹಿಡಿದರು,
ಬೆಣ್ಣೆಹಣ್ಣು ಹದಕ್ಕೆ ಬಂತಾ ಎಂದು
ಒತ್ತಿ ನೋಡುವ ಹಾಗೆ.
"ಮುಂದಿನದು ಗಟ್ಟಿ ಉಂಟು ಮಾರಾಯ್ತಿ.
ಹಿಂದಿನದಕ್ಕೆ ನೀನು ಕೆಲಸವೇ ಕೊಟ್ಟಿಲ್ಲ.
ಮುಂದಿನ ಸ್ನಾಯು ಹತ್ತಿರ ಎಳೆಯಲಿಕ್ಕೆ,
ಹಿಂದಿನದು ದೂರ ತಳ್ಳಲಿಕ್ಕೆ.
ಬರೀ ಎಳೆದದ್ದೇ ಎಳೆದದ್ದು ನೀನು."

ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ.
ಬಾವಿಯ ಹಗ್ಗ. ಬಗ್ಗಿಸಿ ಹಿಡಿದ ಕಾಫಿ ಗೆಲ್ಲು.
ಜ್ವರದ ಮಗು. ಜೀಪಿನಿಂದ ಇಳಿಯಲೊಲ್ಲದ,
ಕುಡಿದು ಬಂದ ಭಾವ.
ಮಂಚದ ಮೇಲೆ ಮಗ್ಗುಲು ಬದಲಿಸಬೇಕಿದ್ದ ಅತ್ತೆ,
ನಾಲ್ಕು ವರ್ಷ, ಹಗಲಿಗೆ ಮೂರು, ರಾತ್ರಿಗೆ ಎರಡು ಸಲ.
ತಳ್ಳಿದ್ದು?
ನೂಪುಟ್ಟಿನ ಒರಳು ಒತ್ತಿದ್ದೊಂದು.
ಅದನ್ನೂ ಈಗ ಮಿಶನ್ ಒತ್ತುತ್ತದೆ.

ಮಧ್ಯಾಹ್ನ ಬುತ್ತಿ ಮುಗಿಸಿ
ಗೋದಾಮಿನ ಗೋಡೆಗೆ ಎರಡೂ ಅಂಗೈ ಊರಿ ನಿಂತೆ.
ಹೋಗು, ಬಾ. ಹೋಗು, ಬಾ.
ಗೋಡೆ ಮೂಗಿನ ಹತ್ತಿರ ಬಂದಾಗಲೆಲ್ಲ ಮೆಣಸಿನ ಘಾಟು,
ಒಂಬತ್ತನೆಯದಕ್ಕೆ ಸೀನು.
ಚೀಲ ಹೊರುವ ಚುಬ್ರು ಬೀಡಿ ಬದಿಗಿಟ್ಟು ಕೇಳಿದ,
"ಗೋಡೆ ಹೋಗ್ತದಾ ಅಕ್ಕಾ?"
"ನೋಡುವ" ಅಂದೆ.

ಮನೆಯಲ್ಲಿ ಲೀಟರಿನ ಎರಡು ಬಾಟಲಿ,
ನೀರು ತುಂಬಿ ತಲೆಯ ಹಿಂದೆ ಇಳಿಸಿ ಎತ್ತುವುದು.
ಮುಚ್ಚಳ ಸಡಿಲವಿದ್ದ ದಿನ ಬೆನ್ನೆಲ್ಲ ಒದ್ದೆ.
ಮೊದಲ ವಾರ ಜಡೆ ಹೆಣೆಯಲಿಕ್ಕೂ ಕೈ ಮೇಲೆ ಬರಲಿಲ್ಲ.
"ಈ ವಯಸ್ಸಿಗೆ ಯಾರಿಗೆ ಹೊಡೆಯಲಿಕ್ಕೆ?"
ಮನೆಯವರು ಪೇಪರಿನ ಹಿಂದಿನಿಂದ ಕೇಳಿದರು.
ಹತ್ತು, ಹನ್ನೊಂದು ಎಂದು ಎಣಿಸುತ್ತಿದ್ದೆ,
ಉತ್ತರ ಕೊಟ್ಟರೆ ಲೆಕ್ಕ ತಪ್ಪುತ್ತದೆ.

ಮೂರು ತಿಂಗಳಿಗೆ ಟೇಪು
ಕಾಲು ಇಂಚು ಒಪ್ಪಿಕೊಂಡಿತು.
ಅದೂ ಬೀಪಾತು ಬಿಗಿಯಾಗಿ ಹಿಡಿದಿದ್ದಳೋ ಏನೋ.

ಜೂನಿನಲ್ಲಿ ಸೊಸೈಟಿಯ ಶಟರು
ಮಳೆ ಕುಡಿದು ಕಚ್ಚಿಕೊಳ್ಳುತ್ತದೆ.
ಚುಬ್ರು ಬರುವವರೆಗೆ ಕೊಡೆ ಹಿಡಿದು ಕಾಯುವುದು
ಹದಿನೆಂಟು ವರ್ಷದ ನನ್ನ ಪಾಡು.
ಆ ದಿನ ಕಾಯಲಿಲ್ಲ.
ಎದೆಯವರೆಗೆ ಎಳೆದೆ, ಅದು ಗೊತ್ತಿದ್ದ ಕೆಲಸ.
ಅಲ್ಲಿ ನಿಂತು
ಅಂಗೈ ತಿರುಗಿಸಿದೆ.
ತೋಳಿನ ಹಿಂಬದಿಯಲ್ಲಿ ಯಾರೋ
ಮಲಗಿದ್ದವಳು ಎದ್ದು ಕೂತ ಹಾಗಾಯಿತು,
ಶಟರು ಗಡಗಡನೆ ಇಡೀ ಪೇಟೆಗೆ ಕೇಳುವಂತೆ
ಮೇಲಕ್ಕೆ ಹೋಯಿತು.
ಒಳಗಿಂದೊಂದು ಬೆಕ್ಕು, ನನ್ನನ್ನು ಲೆಕ್ಕಿಸದೆ,
ಮೈ ಮುರಿದು ಹೊರನಡೆಯಿತು.

ಜೋಲು ಇನ್ನೂ ಉಂಟು, ಸುಳ್ಳು ಯಾಕೆ.
ಡಿಸೆಂಬರಿನಲ್ಲಿ ಅಕ್ಕನ ಮಗಳ ಮದುವೆಗೆ
ಬೀಪಾತು ರವಿಕೆಯ ಕಂಕುಳಡಿ
ತ್ರಿಕೋನದ ತುಂಡೊಂದನ್ನು ಕೂರಿಸಿಕೊಟ್ಟಳು,
ಬೇರೆಯೇ ಕೆಂಪು.
"ಕೈ ಎತ್ತಿದರೆ ಮಾತ್ರ ಕಾಣುತ್ತದೆ" ಅಂದಳು.

ವಾಲಗ ಶುರುವಾಯಿತು.
ಎತ್ತಿದೆ.